ಕಫದ ಡಬ್ಬಿ ಹೇಳಿದ ಮಾತು



ನಮ್ಮ ಸೀಮೆಯಲ್ಲಿ ಕೆಮ್ಮು ಇಲ್ಲದ ಮನೆ ಯಾವುದು? ಶಹಾಬಾದಿನ ಕಡೆ ಫರ್ಸಿ ಕಲ್ಲಿನ ಧೂಳು. ವಾಡಿ, ಸೇಡಂ, ಮಳಖೇಡದ ಕಡೆ ಸಿಮೆಂಟ್ ಫ್ಯಾಕ್ಟರಿ. ಚಿತ್ತಾಪುರ, ಚಿಂಚೋಳಿಯ ಹೊಲಗಳಲ್ಲಿ ತೊಗರಿ ರಾಶಿ ಮಾಡುವಾಗ ಮೂಗು, ಬಾಯಿ ತುಂಬ ಹೊಟ್ಟು. ಮನೆಗೆ ಬಂದರೆ ಒಲೆಯ ಹೊಗೆ. ಹೀಗಾಗಿ ಯಾರಾದರೂ ಕೆಮ್ಮಿದರೆ ನಾವು ಏನಂತೀವಿ? "ಧೂಳಿನ ಕೆಮ್ಮು, ತಾನೇ ಹೋಗ್ತದ" ಅಂತೀವಿ.

ಬಹಳ ಸಲ ಆ ಮಾತು ಖರೇ ಇರ್ತದ. ಒಮ್ಮೊಮ್ಮೆ ಸುಳ್ಳಾಗ್ತದ. ಧೂಳಿನ ಕೆಮ್ಮು ಯಾವುದು, ಟಿಬಿ ಕೆಮ್ಮು ಯಾವುದು ಎಂದು ಕಿವಿಯಿಂದ ಕೇಳಿ ಹೇಳಲಿಕ್ಕೆ ಬರುವುದಿಲ್ಲ. ಮುಖ ನೋಡಿಯೂ ಹೇಳಲಿಕ್ಕೆ ಬರುವುದಿಲ್ಲ. ಹಾಗಾದರೆ ಹ್ಯಾಂಗ ತಿಳೀತದ? ಈ ಪಾಠದಲ್ಲಿ ಅದನ್ನೇ ಓದೋಣ.

ಮೊದಲು ಒಬ್ಬ ಅಕ್ಕನ ಸಂಗತಿ.

ಆಡಕಿ ಸುತ್ತಿನ ಒಂದು ಊರಿನಲ್ಲಿ ನಾವು ರಾತ್ರಿ ಪಾಠ ಮಾಡ್ತಿದ್ದೆವು. ಆಕೆ ದಿನಾ ಬರ್ತಿದ್ದಳು. ಹೆಸರು ಇಲ್ಲಿ ಬರೆಯುವುದಿಲ್ಲ. ಆಕೆಯೇ "ಹೆಸರು ಬ್ಯಾಡ್ರಿ ಟೀಚರ್, ಸಂಗತಿ ಬರೀರಿ" ಅಂದಳು. ಆಕೆಯ ಗಂಡ ಖಣಿಯಲ್ಲಿ ಕಲ್ಲು ಒಡೆಯುವ ಕೆಲಸ ಮಾಡ್ತಾನೆ. ಆರು ವರ್ಷದ ಮಗಳು ಇದ್ದಾಳೆ. ಮನೆಯಲ್ಲಿ ಅತ್ತೆ ಇದ್ದಾರೆ.

ಆಕೆ ಸೆರಗು ಬಾಯಿಗೆ ಹಿಡಿದು ಕೆಮ್ಮುತ್ತಿದ್ದಳು. ಹಿಂದಿನ ಸಾಲಿನಲ್ಲಿ, ಬಾಗಿಲ ಹತ್ತಿರ ಕೂಡುತ್ತಿದ್ದಳು. ಒಂದು ತಿಂಗಳಾಯಿತು. ಎರಡು ತಿಂಗಳಾಯಿತು. ಕುಪ್ಪಸ ಸಡಿಲ ಆಯಿತು. ಸಂಜೆಯಾದರೆ ಮೈ ಬೆಚ್ಚಗೆ ಆಗುತ್ತಿತ್ತು. ಅಂಗಡಿಯಿಂದ ಕೆಮ್ಮಿನ ಔಷಧ ಮೂರು ಬಾಟಲಿ ತಂದು ಕುಡಿದಿದ್ದಳು.

"ದವಾಖಾನೆಗೆ ಯಾಕ ಹೋಗಿಲ್ಲ?" ಎಂದು ಕೇಳಿದೆವು.

"ಟಿಬಿ ಅಂತ ಬಂದ್ರ ತವರಿಗೆ ಕಳಿಸ್ತಾರ್ರಿ ಟೀಚರ್. ಮಗಳನ್ನ ಇಲ್ಲೇ ಇಟ್ಕೋತಾರ" ಅಂದಳು.

ಇದು ಸಣ್ಣ ಅಂಜಿಕೆ ಅಲ್ಲ. ಹಾಗೆ ಕಳಿಸಿದ ಮನೆಗಳನ್ನು ನಾವೂ ನೋಡಿದ್ದೇವೆ.

ಆಶಾ ಅಕ್ಕ ಮತ್ತು ನಾವು ಕೂಡಿ ಆಕೆಯನ್ನು ಒಪ್ಪಿಸಿದೆವು. ಆಕೆ ಹೋಗಿ ಕಫ ಕೊಟ್ಟು ಬಂದಳು. ಎರಡು ದಿನದ ಮೇಲೆ ಚೀಟಿ ಬಂತು. ಚೀಟಿಯಲ್ಲಿ "ನೆಗೆಟಿವ್" ಎಂದಿತ್ತು. ಅಂದರೆ ಟಿಬಿ ಹುಳ ಕಾಣಲಿಲ್ಲ ಎಂದು ಅರ್ಥ. ನಮಗೆಲ್ಲ ಬಹಳ ಸಂತೋಷ ಆಯಿತು. "ನೋಡು, ಇಲ್ಲ ಅಂತ ಬಂತು. ಸುಮ್ಮನೆ ಚಿಂತಿ ಮಾಡ್ತಿದ್ದಿ" ಎಂದು ನಾವೇ ಹೇಳಿದೆವು.

ಆ ಮಾತು ನಾವು ಆಡಬಾರದಿತ್ತು. "ಕಾಣಲಿಲ್ಲ" ಅನ್ನುವುದು ಬೇರೆ, "ಇಲ್ಲ" ಅನ್ನುವುದು ಬೇರೆ. ಆಗ ಅದು ನಮಗೆ ತಿಳಿಯಲಿಲ್ಲ. ಇನ್ನೂ ಒಂದು ತಿಂಗಳು ಆಕೆ ಕೆಮ್ಮಿದಳು.

ಹುಳ ಎಷ್ಟು ಸಣ್ಣದು?

ಟಿಬಿಗೆ ಕ್ಷಯ ಎಂದೂ ಹೆಸರು. ಇದು ಶಾಪದಿಂದ ಬರುವುದಿಲ್ಲ. ಮಾಟದಿಂದ ಬರುವುದಿಲ್ಲ. ಒಂದು ರೋಗಾಣುವಿನಿಂದ ಬರುತ್ತದೆ. ರಾಬರ್ಟ್ ಕಾಕ್ ಎಂಬ ಜರ್ಮನಿಯ ಡಾಕ್ಟರ್ ಇದನ್ನು ಕಂಡುಹಿಡಿದರು. 1882ನೇ ಇಸವಿ ಮಾರ್ಚ್ 24ರಂದು ಜಗತ್ತಿಗೆ ತಿಳಿಸಿದರು. ಅದಕ್ಕೇ ಪ್ರತಿ ವರ್ಷ ಮಾರ್ಚ್ 24ಕ್ಕೆ ಕ್ಷಯರೋಗ ದಿನ ಆಚರಿಸುತ್ತಾರೆ.

ರೋಗಾಣು ಅಂದರೆ ಕಣ್ಣಿಗೆ ಕಾಣದ ಜೀವ. ನಮ್ಮ ಮಾತಿನಲ್ಲಿ ಹುಳ ಅಂತೀವಿ. ಎಷ್ಟು ಸಣ್ಣದು? ಒಂದು ಜೋಳದ ಕಾಳು ತೆಗೆದುಕೊಳ್ಳಿ. ಅದರ ಅಗಲದಲ್ಲಿ ಟಿಬಿ ಹುಳಗಳನ್ನು ಒಂದರ ಹಿಂದೆ ಒಂದು ಸಾಲಾಗಿ ನಿಲ್ಲಿಸಿದರೆ ಸಾವಿರಕ್ಕೂ ಹೆಚ್ಚು ನಿಲ್ಲುತ್ತವೆ.

ಇದನ್ನು ನೋಡಲಿಕ್ಕೆ ಸೂಕ್ಷ್ಮದರ್ಶಕ ಬೇಕು. ಅದು ಸಣ್ಣದನ್ನು ದೊಡ್ಡದು ಮಾಡಿ ತೋರಿಸುತ್ತದೆ. ಕಫವನ್ನು ಗಾಜಿನ ಪಟ್ಟಿಯ ಮೇಲೆ ಸವರಿ, ಬಣ್ಣ ಹಾಕಿ ನೋಡುತ್ತಾರೆ. ನೀಲಿ ಬಣ್ಣದ ನಡುವೆ ಟಿಬಿ ಹುಳ ಕೆಂಪು ಕಡ್ಡಿಯ ಹಾಗೆ ಕಾಣುತ್ತದೆ. ಇದು ನೂರು ವರ್ಷಕ್ಕೂ ಹಳೆಯ ಪದ್ಧತಿ. ಖರ್ಚು ಕಡಿಮೆ. ಇವತ್ತಿಗೂ ಉಪಯೋಗ ಇದೆ.

ಆದರೆ ಅದರಲ್ಲಿ ಒಂದು ಕೊರತೆ ಇದೆ. ಒಂದು ಮಿಲಿಲೀಟರ್ ಕಫದಲ್ಲಿ ಐದರಿಂದ ಹತ್ತು ಸಾವಿರ ಹುಳ ಇದ್ದರೆ ಮಾತ್ರ ಈ ಪದ್ಧತಿಯಲ್ಲಿ ಕಾಣುತ್ತವೆ. ಅದಕ್ಕಿಂತ ಕಡಿಮೆ ಇದ್ದರೆ ತಪ್ಪಿಹೋಗಬಹುದು. ಹೊಲದ ಬದುವಿನ ಮೇಲೆ ನಿಂತು ನೋಡಿದರೆ ಕುರಿ ಹಿಂಡು ಕಾಣ್ತದ. ಬೆಳೆಯೊಳಗೆ ಹೊಕ್ಕ ಒಂದೇ ಕುರಿ ಕಾಣುವುದಿಲ್ಲ. ಹಾಗೇ ಇದು.

ಇನ್ನೊಂದು ಪದ್ಧತಿ ಇದೆ. ಹುಳಕ್ಕೆ ಆಹಾರ ಕೊಟ್ಟು ಬೆಳೆಸಿ ನೋಡುವುದು. ಅದಕ್ಕೆ ಕೋಳಿಮೊಟ್ಟೆಯಿಂದ ಮಾಡಿದ ಆಹಾರ ಹಾಕುತ್ತಾರೆ! ಈ ಪದ್ಧತಿಯಲ್ಲಿ ಕೆಲವೇ ಹುಳ ಇದ್ದರೂ ಸಿಗುತ್ತವೆ. ಆದರೆ ಟಿಬಿ ಹುಳ ಬಹಳ ಸಾವಕಾಶ ಬೆಳೆಯುತ್ತದೆ. ಮೊಟ್ಟೆಯ ಆಹಾರದ ಮೇಲೆ ಕಣ್ಣಿಗೆ ಕಾಣುವಷ್ಟು ಬೆಳೆಯಲಿಕ್ಕೆ ವಾರಗಟ್ಟಲೆ ಬೇಕು. ಒಮ್ಮೊಮ್ಮೆ ಎರಡು ತಿಂಗಳಾಗುತ್ತದೆ. ಅಷ್ಟರೊಳಗೆ ಮನೆಮಂದಿಗೆಲ್ಲ ಹರಡಬಹುದು.

ಹೊಸ ಮೆಷಿನ್ ಏನು ಮಾಡುತ್ತದೆ?

ಈಗ ಬೇರೆ ಪರೀಕ್ಷೆ ಬಂದಿದೆ. ಅದು ಹುಳದ ಆಕಾರ ನೋಡುವುದಿಲ್ಲ. ಹುಳದೊಳಗಿನ ಬರಹ ಓದುತ್ತದೆ.

ಹೌದು, ಬರಹ! ಪ್ರತಿಯೊಂದು ಜೀವದೊಳಗೂ ಒಂದು ಬರಹ ಇರುತ್ತದೆ. ಜೋಳದೊಳಗೆ ಇದೆ. ಎಮ್ಮೆಯೊಳಗೆ ಇದೆ. ನಮ್ಮೊಳಗೂ ಇದೆ. ಅದರ ಹೆಸರು ಡಿಎನ್‌ಎ. ಕನ್ನಡಕ್ಕೆ 49 ಅಕ್ಷರ. ಅಷ್ಟು ಕಲಿಯಲಿಕ್ಕೆ ನಮಗೆ ಎಷ್ಟು ದಿನ ಬೇಕಾಯಿತು! ಡಿಎನ್‌ಎಗೆ ಬರೀ ನಾಲ್ಕು ಅಕ್ಷರ. ಆ ನಾಲ್ಕೇ ಅಕ್ಷರ ತಿರುಗಿ ತಿರುಗಿ ಬರುತ್ತವೆ. ಟಿಬಿ ಹುಳದ ಬರಹದಲ್ಲಿ ಸುಮಾರು 44 ಲಕ್ಷ ಅಕ್ಷರ ಇವೆ.

ಮೆಷಿನ್ ಅಷ್ಟನ್ನೂ ಓದುವುದಿಲ್ಲ. ಓಟಿನ ಪಟ್ಟಿ ಬಂದಾಗ ನಾವು ಏನು ಮಾಡ್ತೀವಿ? ಎಲ್ಲರ ಹೆಸರೂ ಓದುವುದಿಲ್ಲ. ನಮ್ಮ ಹೆಸರು ಎಲ್ಲಿದೆ ಅಂತ ಹುಡುಕ್ತೀವಿ. ಮೆಷಿನ್ ಕೂಡ ಟಿಬಿ ಹುಳದಲ್ಲಿ ಇರುವ ಒಂದು ಸಾಲು ಮಾತ್ರ ಹುಡುಕುತ್ತದೆ.

ಆದರೆ ಒಂದೇ ಒಂದು ಸಾಲು ಸಿಕ್ಕರೆ ಅದು ಬಹಳ ಸಣ್ಣದು. ಕಾಣುವುದು ಹ್ಯಾಂಗ? ಅದಕ್ಕೇ ಮೆಷಿನ್ ಆ ಸಾಲಿನ ನಕಲು ಮಾಡುತ್ತದೆ. ಬಿಸಿ ಮಾಡುತ್ತದೆ, ಆರಿಸುತ್ತದೆ. ಮತ್ತೆ ಬಿಸಿ, ಮತ್ತೆ ಆರಿಕೆ. ಪ್ರತಿ ಸಲವೂ ಇದ್ದದ್ದು ಎರಡು ಪಟ್ಟು ಆಗುತ್ತದೆ. ಒಂದು ಇದ್ದದ್ದು ಎರಡು. ಎರಡು ಇದ್ದದ್ದು ನಾಲ್ಕು. ನಾಲ್ಕು ಇದ್ದದ್ದು ಎಂಟು.

ಲೆಕ್ಕದ ವಹಿ ತೆಗೆಯಿರಿ. ನೀವೇ ಮಾಡಿ ನೋಡಿರಿ. ಹತ್ತು ಸಲ ಎರಡು ಪಟ್ಟು ಮಾಡಿದರೆ 1,024. ಇಪ್ಪತ್ತು ಸಲ ಮಾಡಿದರೆ 10 ಲಕ್ಷ ದಾಟುತ್ತದೆ. ಮೂವತ್ತು ಸಲ ಮಾಡಿದರೆ 107 ಕೋಟಿ! ಸಾಹುಕಾರನ ಬಡ್ಡಿಯೂ ಇಷ್ಟು ಲಗೂನ ಬೆಳೆಯುವುದಿಲ್ಲ. ಅಷ್ಟು ನಕಲು ಆದ ಮೇಲೆ ಮೆಷಿನ್‌ಗೆ ಸಾಲು ಸ್ಪಷ್ಟ ಸಿಗುತ್ತದೆ. ಒಂದು ಮಿಲಿಲೀಟರ್ ಕಫದಲ್ಲಿ ನೂರು, ನೂರೈವತ್ತು ಹುಳ ಇದ್ದರೂ ಸಾಕು.

ಈ ಪದ್ಧತಿಗೆ ಪಿಸಿಆರ್ ಎಂದು ಹೆಸರು. ಅಮೆರಿಕದ ಕ್ಯಾರಿ ಮುಲ್ಲಿಸ್ ಎಂಬ ವಿಜ್ಞಾನಿ 1983ರಲ್ಲಿ ಇದನ್ನು ಕಂಡುಹಿಡಿದರು. ಇದಕ್ಕೆ 1993ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಪಿಸಿಆರ್ ಅನ್ನುವ ಹೆಸರು ನೀವು ಕೊರೊನಾ ಕಾಲದಲ್ಲಿ ಕೇಳಿರಬೇಕು. ಭಾರತದಲ್ಲಿ ಕೊರೊನಾದಿಂದ ಮೊದಲ ಸಾವು ಆದದ್ದು ನಮ್ಮ ಕಲಬುರಗಿಯ ಒಬ್ಬ ಹಿರಿಯರದು. ಅವರು 2020ರ ಮಾರ್ಚ್ 10ರಂದು ತೀರಿಕೊಂಡರು. ಅವರ ಗಂಟಲ ದ್ರವವನ್ನು ಪರೀಕ್ಷೆಗೆ ಬೆಂಗಳೂರಿಗೆ ಕಳಿಸಿದ್ದರು. ಕೊರೊನಾ ಎಂದು ಖಾತ್ರಿ ಆದ ಸುದ್ದಿ ಬಂದದ್ದು ಮಾರ್ಚ್ 12ರಂದು. ಅಷ್ಟೊತ್ತಿಗೆ ಅವರು ಇರಲಿಲ್ಲ. ಅದೇ ವರ್ಷ ಕಲಬುರಗಿಯ ಜಿಮ್ಸ್‌ನಲ್ಲೇ ಕೊರೊನಾ ಪರೀಕ್ಷೆ ಶುರುವಾಯಿತು. ಪರೀಕ್ಷೆ ನಮ್ಮ ಹತ್ತಿರ ಇರುವುದು ಎಷ್ಟು ಮುಖ್ಯ ಎಂದು ನಮ್ಮ ಜಿಲ್ಲೆಯವರಿಗೆ ಬೇರೆ ಯಾರೂ ಹೇಳಬೇಕಾಗಿಲ್ಲ.

ಟಿಬಿ ನೋಡುವ ಇಂಥ ಮೆಷಿನ್‌ಗಳಲ್ಲಿ ಎರಡು ಹೆಸರು ನೆನಪಿಡಿರಿ. ಒಂದು ಸಿಬಿನಾಟ್. ಇನ್ನೊಂದು ಟ್ರೂನಾಟ್. ಟ್ರೂನಾಟ್ ನಮ್ಮ ದೇಶದ್ದೇ. ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್‌ನಲ್ಲಿ ಸಂಶೋಧನೆ ಆಯಿತು. ಗೋವಾದ ಮೋಲ್‌ಬಯೋ ಕಂಪನಿ ಅದನ್ನು ತಯಾರು ಮಾಡುತ್ತದೆ. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಒಪ್ಪಿತು. ಅದು ಬ್ಯಾಟರಿಯಿಂದಲೂ ನಡೆಯುತ್ತದೆ. ನಮ್ಮ ಕಡೆ ಕರೆಂಟ್ ಎಷ್ಟೊತ್ತಿಗೆ ಹೋಗ್ತದ ಅಂತ ನಿಮಗೆ ಗೊತ್ತೇ ಇದೆ! ಮೆಷಿನ್‌ಗೆ ಹಾಕಿದ ಮೇಲೆ ಒಂದೆರಡು ತಾಸಿನಲ್ಲಿ ಉತ್ತರ ಬರುತ್ತದೆ. ಚೀಟಿ ನಮ್ಮ ಕೈಗೆ ಬರಲಿಕ್ಕೆ ಒಂದೆರಡು ದಿನ ಹಿಡಿಯಬಹುದು.

ಮೆಷಿನ್ ಇನ್ನೊಂದು ಸಂಗತಿಯನ್ನೂ ಹೇಳುತ್ತದೆ. ಟಿಬಿಗೆ ಕೊಡುವ ಒಂದು ಮುಖ್ಯ ಔಷಧ ರಿಫಾಂಪಿಸಿನ್. ಕೆಲವು ಹುಳಗಳಿಗೆ ಈ ಔಷಧ ತಾಗುವುದಿಲ್ಲ. ಯಾಕೆಂದರೆ ಅವುಗಳ ಬರಹದಲ್ಲಿ ಒಂದು ಅಕ್ಷರ ಬದಲಾಗಿರುತ್ತದೆ. "ಕಲ್ಲು" ಅನ್ನುವುದು "ಹಲ್ಲು" ಆದ ಹಾಗೆ. ಆ ಬದಲಾವಣೆಯನ್ನೂ ಮೆಷಿನ್ ಹಿಡಿಯುತ್ತದೆ. ಆಗ ಡಾಕ್ಟರ್ ಬೇರೆ ಔಷಧ ಕೊಡುತ್ತಾರೆ. ತಾಗದ ಗುಳಿಗೆಯನ್ನು ತಿಂಗಳುಗಟ್ಟಲೆ ನುಂಗುವುದು ತಪ್ಪುತ್ತದೆ.

ಉಗುಳು ಬೇರೆ, ಕಫ ಬೇರೆ

ಈಗ ನಮ್ಮ ಅಕ್ಕನ ಸಂಗತಿಗೆ ಬರೋಣ. ಕೆಮ್ಮು ನಿಲ್ಲಲಿಲ್ಲ. ಆಶಾ ಅಕ್ಕ ಮತ್ತೆ ಮನೆಗೆ ಬಂದಳು.

"ಯಕ್ಕಾ, ಆವತ್ತು ಡಬ್ಬಿಯಾಗ ಏನು ಕೊಟ್ಟಿದ್ದಿ?" ಎಂದು ಕೇಳಿದಳು.

"ಉಗುಳಿ ಕೊಟ್ಟೆ. ಗಂಡಸರು ನಿಂತಿದ್ರು. ಅವರ ಮುಂದ ಹ್ಯಾಂಗ ಕ್ಯಾಕರಿಸಲಿ?"

ಆಗ ತಿಳಿಯಿತು. ಆಕೆ ಕೊಟ್ಟದ್ದು ಬಾಯಿಯ ಎಂಜಲು. ಟಿಬಿ ಹುಳ ಇರುವುದು ಪುಪ್ಪುಸದ ಕಫದಲ್ಲಿ. ಎಂಜಲಲ್ಲಿ ಹುಡುಕಿದರೆ ಎಂಥ ಮೆಷಿನ್ ಆದರೂ ಏನು ಹೇಳೀತು? ತಪ್ಪು ಆಕೆಯದಲ್ಲ. ಉಗುಳು ಬೇರೆ, ಕಫ ಬೇರೆ ಎಂದು ಮೊದಲೇ ಯಾರಾದರೂ ತಿಳಿಸಿ ಹೇಳಬೇಕಿತ್ತು. ನಾವೂ ಹೇಳಿರಲಿಲ್ಲ.

ಎಂಜಲು ನೀರಿನ ಹಾಗೆ ತೆಳ್ಳಗೆ ಇರುತ್ತದೆ. ಮೇಲೆ ಬುರುಗು ಇರುತ್ತದೆ. ಕಫ ಗಟ್ಟಿ ಇರುತ್ತದೆ, ಅಂಟು ಅಂಟಾಗಿರುತ್ತದೆ. ಅದು ಎದೆಯಿಂದ ಬರಬೇಕು. ಬೆಳಿಗ್ಗೆ ಎದ್ದ ಕೂಡಲೇ ಬರುವ ಕಫ ಬಹಳ ಚಲೋ. ರಾತ್ರಿಯೆಲ್ಲ ಅದು ಎದೆಯಲ್ಲಿ ಕೂಡಿರುತ್ತದೆ.

ಆಶಾ ಅಕ್ಕ ಹೇಳಿಕೊಟ್ಟಳು. ಏನೂ ತಿನ್ನುವ ಮೊದಲು ಬರೀ ನೀರಿನಿಂದ ಬಾಯಿ ಮುಕ್ಕಳಿಸು. ಮನೆಯೊಳಗೆ ಬೇಡ, ಹಿತ್ತಲಿಗೆ ಹೋಗು, ಗಾಳಿ ಆಡುವ ಕಡೆ ನಿಲ್ಲು. ಹತ್ತಿರ ಮಕ್ಕಳು ಇರಬಾರದು. ಉಸಿರು ಎರಡು ಮೂರು ಸಲ ಎಳೆದು ಬಿಡು. ಆಮೇಲೆ ಎದೆಯಿಂದ ಜೋರಾಗಿ ಕೆಮ್ಮು. ಬಂದ ಕಫವನ್ನು ಡಬ್ಬಿಯೊಳಗೇ ಹಾಕು, ಅಂಚಿಗೆ ಹತ್ತಬಾರದು. ಅರ್ಧ ಚಮಚೆಯಷ್ಟಾದರೂ ಇರಲಿ. ಮುಚ್ಚಳ ಬಿಗಿ ಮಾಡಿ ಕೈ ತೊಳೆದುಕೋ.

ಬೆಳಕು ಹರಿಯುವ ಮೊದಲೇ ಎದ್ದು ಆಕೆ ಹಾಗೇ ಮಾಡಿದಳು. ಹಿತ್ತಲಿನಲ್ಲಿ ನೋಡುವವರು ಯಾರೂ ಇರಲಿಲ್ಲ. ನಾಚಿಕೆಯೂ ಇರಲಿಲ್ಲ.

ದವಾಖಾನೆಯಲ್ಲಿ ಒಂದು ಸಂಗತಿ ಆಯಿತು. ಡಬ್ಬಿಗೆ ಹಚ್ಚುವ ಚೀಟಿ ಬರೆದು ಕೊಟ್ಟರು. ಆಕೆ ಅದನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. "ಇದು ನಂದಲ್ರಿ. ಹೆಸರು ನಂದೇ ಅದ, ಗಂಡನ ಹೆಸರು ಬ್ಯಾರೆ ಅದ" ಅಂದಳು. ಅದೇ ಹೆಸರಿನ ಇನ್ನೊಬ್ಬ ಹೆಣ್ಣುಮಗಳು ಅಂದು ಸಾಲಿನಲ್ಲಿ ಇದ್ದಳು! ಚೀಟಿ ಬದಲು ಮಾಡಿದರು. ನಮಗೆ ಇದನ್ನು ಹೇಳುವಾಗ ಆಕೆ ನಕ್ಕಳು. ಬಹಳ ದಿನದ ಮೇಲೆ ಆಕೆ ನಕ್ಕದ್ದನ್ನು ನೋಡಿದೆವು.

ಈ ಸಲ ಕಫ ಮೆಷಿನ್‌ಗೆ ಹೋಯಿತು. ಮರುದಿನ ಉತ್ತರ ಬಂತು. ಟಿಬಿ ಇದೆ. ರಿಫಾಂಪಿಸಿನ್ ತಾಗುತ್ತದೆ.

ಗುರುತು ಹುಡುಕುವ ಪಟ್ಟಿಗಳು

ಎಲ್ಲ ಪರೀಕ್ಷೆಗೂ ಮೆಷಿನ್ ಬೇಕಾಗಿಲ್ಲ. ಬಸಿರು ಹೌದೋ ಅಲ್ಲೋ ನೋಡುವ ಪಟ್ಟಿ ನಿಮಗೆ ಗೊತ್ತು. ಮೂತ್ರದ ಹನಿ ಹಾಕಿದರೆ ಗೆರೆ ಮೂಡುತ್ತದೆ. ಆ ಪಟ್ಟಿ ಕೂಸನ್ನು ನೋಡುವುದಿಲ್ಲ. ಬಸಿರಾದಾಗ ಮೈಯಲ್ಲಿ ಹುಟ್ಟುವ ಒಂದು ವಸ್ತುವನ್ನು ಗುರುತು ಹಿಡಿಯುತ್ತದೆ. ಹೊಲದಲ್ಲಿ ಹಂದಿ ಕಾಣದಿದ್ದರೂ ಹೆಜ್ಜೆ ನೋಡಿ ಹಂದಿ ಬಂದಿತ್ತು ಅಂತೀವಲ್ಲ, ಹಾಗೆ.

ಜ್ವರ ಬಂದಾಗ ಆಶಾ ಅಕ್ಕ ಬೆರಳು ಚುಚ್ಚಿ ನೋಡುವ ಮಲೇರಿಯಾ ಪಟ್ಟಿಯೂ ಹಾಗೇ. ಮಲೇರಿಯಾ ಹುಳ ರಕ್ತದಲ್ಲಿ ಬಿಡುವ ವಸ್ತುವನ್ನು ಅದು ಹಿಡಿಯುತ್ತದೆ. ಕಾಲು ತಾಸಿನಲ್ಲಿ, ಇಲ್ಲವೆ ಇನ್ನು ಸ್ವಲ್ಪ ಹೊತ್ತಿನಲ್ಲಿ ಉತ್ತರ ಬರುತ್ತದೆ. ಬಸುರಿಯರಿಗೆ ಮಾಡುವ ಎಚ್‌ಐವಿ ಪರೀಕ್ಷೆ ಇನ್ನೊಂದು ಬಗೆ. ರೋಗಾಣುವಿನ ಜೊತೆ ಹೋರಾಡಲು ನಮ್ಮ ಮೈ ತಯಾರಿಸಿದ ವಸ್ತುವನ್ನು ಅದು ನೋಡುತ್ತದೆ. ಆ ವಸ್ತು ಹುಟ್ಟಲಿಕ್ಕೆ ಕೆಲವು ವಾರ ಬೇಕು. ಅದಕ್ಕೇ ಕೆಲವರಿಗೆ ಮತ್ತೊಮ್ಮೆ ಬಂದು ಪರೀಕ್ಷೆ ಮಾಡಿಸಲು ಹೇಳುತ್ತಾರೆ.

ಟಿಬಿಯ ಮೆಷಿನ್ ಕೂಡ ಎಲ್ಲ ಬಲ್ಲದ್ದು ಅಲ್ಲ. ಟಿಬಿ ಪುಪ್ಪುಸಕ್ಕೆ ಮಾತ್ರ ಬರುವುದಿಲ್ಲ. ಕುತ್ತಿಗೆಯ ಗಂಟಿಗೆ, ಬೆನ್ನೆಲುಬಿಗೆ, ಗರ್ಭಕೋಶಕ್ಕೂ ಬರಬಹುದು. ಗರ್ಭಕೋಶಕ್ಕೆ ಬಂದರೆ ಮಕ್ಕಳಾಗದೆ ಹೋಗಬಹುದು. ಅದು ಕಫದಲ್ಲಿ ಸಿಗುವುದಿಲ್ಲ. ಅದಕ್ಕೆ ಬೇರೆ ಪರೀಕ್ಷೆ ಬೇಕು. ಇನ್ನೊಂದು ಸಂಗತಿ. ಸತ್ತ ಹುಳದ ಬರಹವನ್ನೂ ಮೆಷಿನ್ ಓದಿಬಿಡುತ್ತದೆ. ಅದಕ್ಕೇ ಗುಳಿಗೆ ನುಂಗುವ ದಿನಗಳಲ್ಲಿ ರೋಗ ಇಳಿಯಿತೋ ಇಲ್ಲವೋ ನೋಡಲಿಕ್ಕೆ ಹಳೆಯ ಸೂಕ್ಷ್ಮದರ್ಶಕವೇ ಬೇಕಾಗುತ್ತದೆ. ಹಳೇದಂತ ಬಿಸಾಕಲಿಕ್ಕೆ ಬರುವುದಿಲ್ಲ ನೋಡಿ!

ಅತ್ತೆಯ ಡಬ್ಬಿ

ಚೀಟಿ ಬಂದ ದಿನ ಆಶಾ ಅಕ್ಕ ಮತ್ತು ನಾವು ಆಕೆಯ ಮನೆಗೆ ಹೋದೆವು. ಅತ್ತೆ ಕಟ್ಟೆಯ ಮೇಲೆ ಕೂತಿದ್ದರು. ಸಂಗತಿ ಹೇಳಿದೆವು. ಅತ್ತೆ ಮಾತಾಡಲಿಲ್ಲ. ಅಕ್ಕ ಬಾಗಿಲ ಹಿಂದೆ ನಿಂತಿದ್ದಳು. ಮಗಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು.

ಆಶಾ ಅಕ್ಕ ಸಾವಕಾಶ ತಿಳಿಸಿದಳು. ಇದಕ್ಕೆ ಔಷಧ ಇದೆ. ಸರಕಾರಿ ದವಾಖಾನೆಯಲ್ಲಿ ಪುಕ್ಕಟೆ ಕೊಡುತ್ತಾರೆ. ಈ ಬಗೆಯ ಟಿಬಿಗೆ ಆರು ತಿಂಗಳು ದಿನಾ ನುಂಗಬೇಕು. ನಡುವೆ ಬಿಡಬಾರದು. ಗುಳಿಗೆ ಶುರುವಾದ ಮೇಲೆ ಮೂತ್ರ ಕೇಸರಿ ಬಣ್ಣ ಆಗುತ್ತದೆ. ಅದಕ್ಕೆ ಅಂಜಬಾರದು, ಅದು ಔಷಧದ ಬಣ್ಣ. ಆದರೆ ಕಣ್ಣು ಹಳದಿ ಆದರೆ, ವಾಂತಿ ನಿಲ್ಲದಿದ್ದರೆ ಕೂಡಲೇ ಬರಬೇಕು. ಚಲೋ ಊಟ ಮಾಡಲಿಕ್ಕೆ ಸರಕಾರ ಬ್ಯಾಂಕಿನ ಖಾತೆಗೆ ರೊಕ್ಕ ಹಾಕುತ್ತದೆ. 2018ರಲ್ಲಿ ಶುರುವಾದಾಗ ತಿಂಗಳಿಗೆ 500 ರೂಪಾಯಿ ಇತ್ತು. 2024ರ ನವೆಂಬರ್‌ನಿಂದ 1,000 ರೂಪಾಯಿ ಆಗಿದೆ.

"ಗಂಗಾಳ, ಚರಿಗಿ ಬ್ಯಾರೆ ಇಡಬೇಕೇನು?" ಎಂದು ಅತ್ತೆ ಕೇಳಿದರು.

"ಬ್ಯಾಡ್ರಿ ಯವ್ವಾ. ಇದು ಗಂಗಾಳದಿಂದ ಬರೂದಿಲ್ಲ. ಅರಬಿಯಿಂದ ಬರೂದಿಲ್ಲ. ಕೆಮ್ಮಿದಾಗ ಗಾಳಿಯಿಂದ ಬರ್ತದ. ಬಾಯಿಗೆ ಬಟ್ಟಿ ಕಟ್ಟಲಿ, ಕಿಡಕಿ ತೆರೆದಿಡ್ರಿ. ತಪ್ಪದೆ ಗುಳಿಗಿ ನುಂಗಿದರ ಕೆಲವೇ ವಾರದಾಗ ಹರಡೂದು ಬಹಳ ಕಡಿಮಿ ಆಗ್ತದ. ಮನ್ಯಾಗ ಇದ್ದವರೆಲ್ಲರೂ ಒಮ್ಮೆ ಪರೀಕ್ಷೆ ಮಾಡಿಸ್ಕೋಬೇಕು. ಸಣ್ಣ ಹುಡುಗಿಗೂ ಡಾಕ್ಟರ್ ನೋಡ್ತಾರ."

ಅತ್ತೆ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: "ನಂದೂ ನೋಡ್ತಾರೇನು? ನಾನೂ ಹೋದ ವರ್ಷದಿಂದ ಕೆಮ್ಮಲತ್ತೀನಿ."

ಅವರ ಕೆಮ್ಮು ನಾವೂ ಕೇಳಿದ್ದೆವು. ವಯಸ್ಸಾದವರ ಕೆಮ್ಮು ಅಂದುಕೊಂಡಿದ್ದೆವು.

ಮರುದಿನ ಬೆಳಿಗ್ಗೆ ಅತ್ತೆ ಹಿತ್ತಲಿಗೆ ಹೋದರು. ಹ್ಯಾಂಗ ಕಫ ತೆಗೆಯಬೇಕು ಎಂದು ಸೊಸೆಯೇ ಹೇಳಿಕೊಟ್ಟಳು. ಡಬ್ಬಿಯ ಚೀಟಿಯನ್ನೂ ಸೊಸೆಯೇ ಓದಿದಳು. ಅತ್ತೆಗೂ ಟಿಬಿ ಇದೆ ಎಂದು ಬಂತು. ಗಂಡನಿಗೆ ಇರಲಿಲ್ಲ. ಮಗಳಿಗೂ ಇರಲಿಲ್ಲ. ಮುಂದೆ ಬರಬಾರದು ಎಂದು ಡಾಕ್ಟರ್ ಮಗಳಿಗೆ ಔಷಧ ಕೊಟ್ಟರು.

ಯಾರಿಂದ ಯಾರಿಗೆ ಬಂತು? ಅದನ್ನು ಆ ಮೆಷಿನ್ ಹೇಳುವುದಿಲ್ಲ. ಆ ಮನೆಯಲ್ಲೂ ಯಾರೂ ಕೇಳಲಿಲ್ಲ. ತವರಿನ ಮಾತು ಯಾರೂ ಎತ್ತಲಿಲ್ಲ.

ಈಗ ನಾಲ್ಕನೇ ತಿಂಗಳು ನಡೆದಿದೆ. ಅತ್ತೆ, ಸೊಸೆ ಇಬ್ಬರೂ ಬೆಳಿಗ್ಗೆ ಒಂದೇ ಹೊತ್ತಿಗೆ ಗುಳಿಗೆ ನುಂಗುತ್ತಾರೆ. ಒಬ್ಬರು ಮರೆತರೆ ಇನ್ನೊಬ್ಬರು ನೆನಪು ಮಾಡುತ್ತಾರೆ. ಅಕ್ಕ ಗೋಡೆಯ ಕ್ಯಾಲೆಂಡರಿನಲ್ಲಿ ದಿನಾ ಎರಡು ಗೆರೆ ಹಾಕುತ್ತಾಳೆ. ಈಗ ಪಾಠಕ್ಕೆ ಬಂದರೆ ಮುಂದಿನ ಸಾಲಿನಲ್ಲಿ ಕೂಡುತ್ತಾಳೆ. ಹೋದ ವಾರ ಅತ್ತೆಯೂ ಒಂದು ಪಾಟಿ ಹಿಡಿದು ಬಂದಿದ್ದರು.

ಓದಿರಿ

ಕಫ. ಎಂಜಲು. ಡಬ್ಬಿ. ಚೀಟಿ. ಕ್ಷಯ. ಗುಳಿಗೆ. ರೋಗಾಣು. ಪರೀಕ್ಷೆ. ಸೂಕ್ಷ್ಮದರ್ಶಕ.

ಕೂಡಿ ಮಾತಾಡಿರಿ

ನಿಮ್ಮ ಓಣಿಯಲ್ಲಿ ಎರಡು ವಾರಕ್ಕಿಂತ ಹೆಚ್ಚು ದಿನ ಕೆಮ್ಮುವವರು ಯಾರಾದರೂ ಇದ್ದಾರೆಯೇ? ಅವರು ಯಾಕೆ ಪರೀಕ್ಷೆಗೆ ಹೋಗಿಲ್ಲ? ಮೊದಲ ಚೀಟಿಯಲ್ಲಿ "ನೆಗೆಟಿವ್" ಎಂದು ಬಂದಾಗ ನಾವು ಅಕ್ಕನಿಗೆ ಏನು ಹೇಳಬೇಕಿತ್ತು?

ಬರೆಯಿರಿ

ಈ ಚೀಟಿ ನಿಮ್ಮ ಡಬ್ಬಿಯದು ಎಂದು ತಿಳಿಯಿರಿ. ತುಂಬಿರಿ. ಪಕ್ಕದವರ ಕೈಗೆ ಕೊಟ್ಟು ಓದಿಸಿರಿ.

ಹೆಸರು ................
ಗಂಡನ ಅಥವಾ ತಂದೆಯ ಹೆಸರು ................
ವಯಸ್ಸು ................
ಊರು ................
ಕಫ ಕೊಟ್ಟ ದಿನ ................
ಹೊತ್ತು ................